ಬದುವಿನ ಸ್ಥಳೀಯ ಹೂಗಿಡಗಳು: ಋತುವಾರು ಪರಿಚಯ

ಕುಂಬಳ, ಹಾಗಲ ಮೊದಲಾದ ಬಳ್ಳಿ ತರಕಾರಿಗಳಲ್ಲಿ ಗಂಡು ಹಾಗೂ ಹೆಣ್ಣು ಹೂಗಳು ಬೇರೆ ಬೇರೆ. ಪರಾಗವನ್ನು ಕೀಟಗಳೇ ಒಯ್ಯಬೇಕು. ಬೆಳೆ ಹೂ ಬಿಡುವುದು ಕೆಲವೇ ವಾರ. ಆದರೆ ಜೇನ್ನೊಣಗಳಿಗೆ ವರ್ಷವಿಡೀ ಆಹಾರ ಬೇಕು. ಆಹಾರ ತೀರಾ ಕಡಿಮೆಯಾದಾಗ ತುಡುವೆ ಜೇನು ಗೂಡು ತೊರೆದು ಹೋಗುತ್ತದೆ. ಆದ್ದರಿಂದ ಬದು, ಬೇಲಿಗಳನ್ನು ಸವರುವ ಮೊದಲು ಅಲ್ಲಿನ ಯಾವ ಗಿಡ ಯಾವಾಗ ಅರಳುತ್ತದೆಂಬುದನ್ನು ಅರಿಯುವುದು ಅವಶ್ಯಕ. ದಕ್ಷಿಣ ಕರ್ನಾಟಕದ ಮೈದಾನ ಪ್ರದೇಶದ ಕೆಲವು ಸಸ್ಯಗಳ ವಿವರ ಇಂತಿದೆ.

ಬೇಸಿಗೆ (ಫೆಬ್ರವರಿ–ಮೇ)
ಮುತ್ತುಗವು ಎಲೆ ಉದುರಿಸಿ ಕೇಸರಿ ಬಣ್ಣದ ಹೂಗಳನ್ನು ಹೊರುತ್ತದೆ. ಒಂದೇ ತೊಟ್ಟಿನಲ್ಲಿ ಮೂರು ಎಲೆಗಳಿರುವುದು ಇದರ ಗುರುತು. ಯುಗಾದಿಯ ಆಸುಪಾಸಿನಲ್ಲಿ ಬೇವು, ಹೊಂಗೆ ಅರಳುತ್ತವೆ. ಉದುರಿದ ನಸುನೇರಳೆ ಮಿಶ್ರಿತ ಬಿಳಿ ಹೂಗಳು ಹೊಂಗೆಯ ಬುಡದಲ್ಲಿ ಹಾಸಿದಂತೆ ಕಾಣುತ್ತವೆ. ಹೊಂಗೆಯು ಮಕರಂದದ ಉತ್ತಮ ಆಕರವಾದುದರಿಂದ ಹಸಿರೆಲೆ ಗೊಬ್ಬರಕ್ಕಾಗಿ ರೆಂಬೆ ಕಡಿಯುವುದಾದರೆ ಹೂ ಮುಗಿದ ಬಳಿಕ ಕಡಿಯುವುದು ಸೂಕ್ತ.

ಮಳೆಗಾಲ (ಜೂನ್–ಅಕ್ಟೋಬರ್)
ತುಂಬೆಯು ಚೌಕಾಕಾರದ ಕಾಂಡ ಹಾಗೂ ಗೆಣ್ಣಿನ ಸುತ್ತ ಗೊಂಚಲಾಗಿರುವ ಪುಟ್ಟ ಬಿಳಿ ಹೂಗಳಿಂದ ಸುಲಭವಾಗಿ ಗುರುತು ಸಿಗುತ್ತದೆ. ತಂಗಡಿಯ ಹಳದಿ ಹೂವಿನಲ್ಲಿ ಮಕರಂದವಿಲ್ಲ. ಮರಕೊರೆಯುವ ದುಂಬಿಗಳು ರೆಕ್ಕೆಯ ಸ್ನಾಯುಗಳನ್ನು ಕಂಪಿಸಿ ಅದರ ಪರಾಗವನ್ನು ಉದುರಿಸಿಕೊಳ್ಳುತ್ತವೆ. ಮಳೆಗಾಲದ ಕೊನೆಗೆ ಎಲಚಿಯ ಹಸಿರುಹಳದಿ ಹೂಗಳಿಗೆ ಅನೇಕ ಕೀಟಗಳು ಮುತ್ತುತ್ತವೆ.

ಚಳಿಗಾಲ (ನವೆಂಬರ್–ಜನವರಿ)
ಅಂಟುವಾಳದ ಮಾಸಲು ಬಿಳಿ ಹೂಗೊಂಚಲುಗಳೂ, ತೇವವಿರುವೆಡೆ ಉಳಿದ ತುಂಬೆಯೂ ಈ ಅವಧಿಯಲ್ಲಿ ಆಸರೆಯಾಗುತ್ತವೆ.

ದಾಖಲೆ ಇಡುವ ಕ್ರಮ
ಒಂದು ಪುಸ್ತಕದಲ್ಲಿ ಗಿಡದ ಹೆಸರು, ಮೊಗ್ಗು ಕಂಡ ದಿನ, ಹೂ ಮುಗಿದ ದಿನ ಹಾಗೂ ಬೆಳಿಗ್ಗೆ ಬಂದ ಕೀಟಗಳನ್ನು ಬರೆದಿಡಬೇಕು. ಮಳೆಯನ್ನು ಅವಲಂಬಿಸಿ ಹೂ ಬಿಡುವ ಕಾಲ ಹಿಂದುಮುಂದಾಗುವುದರಿಂದ ಕನಿಷ್ಠ 3 ವರ್ಷಗಳ ದಾಖಲೆ ಉಪಯುಕ್ತ. ಯಾವ ತಿಂಗಳು ಖಾಲಿ ಉಳಿಯುವುದೋ ಆ ತಿಂಗಳಿನಲ್ಲಿ ಅರಳುವ ಸ್ಥಳೀಯ ಗಿಡವನ್ನು ಬದುವಿನಲ್ಲಿ ನೆಡಬೇಕು.

ಎಚ್ಚರಿಕೆಗಳು
• ಬದುವಿಗೆಲ್ಲ ಒಂದೇ ಬಾರಿ ಕಳೆನಾಶಕ ಸಿಂಪಡಿಸಬಾರದು. ಭಾಗ ಭಾಗವಾಗಿ ಸವರಿದರೆ ಒಂದೆಡೆಯಾದರೂ ಹೂ ಉಳಿಯುತ್ತದೆ.
• ಪಾರ್ಥೇನಿಯಂ ಮತ್ತು ಲಂಟಾನ ವಿದೇಶಿ ಕಳೆಗಳು, ಇವುಗಳನ್ನು ಉಳಿಸಬಾರದು. ಪಾರ್ಥೇನಿಯಂ ಅನ್ನು ಹೂ ಬಿಡುವ ಮುನ್ನ ಕೈಗವಸು ಧರಿಸಿ ಕೀಳಬೇಕು.
• ಬೆಳೆ ಹೂವಿನಲ್ಲಿದ್ದಾಗ ಕೀಟನಾಶಕ ಬಳಸದಿರುವುದು ಒಳ್ಳೆಯದು. ಅನಿವಾರ್ಯವಾದರೆ ಜೇನ್ನೊಣಗಳ ಹಾರಾಟ ನಿಂತ ಮೇಲೆ, ಸಂಜೆ ಸಿಂಪಡಿಸಬೇಕು.