ಯುದ್ಧವನ್ನೂ ಮಾರುತ್ತಾರೆ: ಕುವೈತ್‌ನ ಕೂಸುಗಳ ಕಥೆ

1990ರ ಅಕ್ಟೋಬರ್ 10. ಅಮೆರಿಕದ ರಾಜಧಾನಿ ವಾಷಿಂಗ್ಟನ್‌ನಲ್ಲಿ ಸಂಸದರ ಒಂದು ಸಭೆ. ಮೈಕಿನ ಮುಂದೆ ಹದಿನೈದು ವರ್ಷದ ಹುಡುಗಿ ಕೂತಿದ್ದಳು. ಹೆಸರು ನಯೀರಾ ಎಂದಷ್ಟೇ ಹೇಳಿದರು. ಮನೆತನದ ಹೆಸರು ಹೇಳಿದರೆ ಕುವೈತ್‌ನಲ್ಲಿರುವ ಅವಳ ಕಡೆಯವರಿಗೆ ಅಪಾಯ ಎಂದರು.

ಅವಳು ಅಳುತ್ತಾ ಹೇಳಿದ್ದು ಹೀಗಿತ್ತು. ತಾನು ಕುವೈತ್‌ನ ಆಸ್ಪತ್ರೆಯೊಂದರಲ್ಲಿ ಸ್ವಯಂಸೇವಕಿಯಾಗಿದ್ದೆ. ಇರಾಕಿನ ಸೈನಿಕರು ಬಂದೂಕು ಹಿಡಿದು ಒಳಗೆ ನುಗ್ಗಿದರು. ಇನ್‌ಕ್ಯುಬೇಟರ್‌ಗಳಲ್ಲಿದ್ದ ಕೂಸುಗಳನ್ನು ಹೊರತೆಗೆದು, ತಣ್ಣನೆ ನೆಲದ ಮೇಲೆ ಸಾಯಲು ಬಿಟ್ಟು, ಪೆಟ್ಟಿಗೆಗಳನ್ನು ಹೊತ್ತೊಯ್ದರು. ದಿನ ತುಂಬದೆ ಹುಟ್ಟಿದ ಮಕ್ಕಳನ್ನು ಬೆಚ್ಚಗಿಡುವ ಆ ಗಾಜಿನ ಪೆಟ್ಟಿಗೆಗಳನ್ನು ನಮ್ಮ ಜಿಲ್ಲಾಸ್ಪತ್ರೆಗಳಲ್ಲೂ ನೀವು ನೋಡಿರುತ್ತೀರಿ.

ಕೇಳಿದವರ ಕರುಳು ಕಿವುಚಿದಂತಾಯಿತು. ಯಾರಿಗೆ ತಾನೇ ಆಗದು? ಅಂದು ರಾತ್ರಿಯೇ ಟಿವಿಯಲ್ಲಿ ಆ ಹುಡುಗಿಯ ಮುಖ ಕಾಣಿಸಿತು. ಅಧ್ಯಕ್ಷ ಜಾರ್ಜ್ ಬುಷ್ (ಅಪ್ಪ ಬುಷ್) ಮುಂದಿನ ವಾರಗಳಲ್ಲಿ ಈ ಕಥೆಯನ್ನು ಮತ್ತೆ ಮತ್ತೆ ಹೇಳಿದರು. ಒಬ್ಬರ ಬಾಯಿಂದ ಇನ್ನೊಬ್ಬರಿಗೆ ಹೋಗುತ್ತಾ ಸತ್ತ ಕೂಸುಗಳ ಲೆಕ್ಕ ಬೆಳೆದು ಮುನ್ನೂರು ದಾಟಿತು.

ಮೂರು ತಿಂಗಳ ನಂತರ, 1991ರ ಜನವರಿ 12ರಂದು, ಯುದ್ಧಕ್ಕೆ ಒಪ್ಪಿಗೆ ಕೊಡಬೇಕೇ ಎಂದು ಅಮೆರಿಕದ ಸೆನೆಟ್ ಮತ ಹಾಕಿತು. ಪರ 52, ವಿರೋಧ 47. ಮೂವರು ಆ ಕಡೆಯಿಂದ ಈ ಕಡೆಗೆ ಬಂದಿದ್ದರೆ ಸೆನೆಟ್‌ನಲ್ಲಿ ಅದು ಬಿದ್ದುಹೋಗುತ್ತಿತ್ತು. ಚರ್ಚೆಯಲ್ಲಿ ಹಲವು ಸೆನೆಟರ್‌ಗಳು ಇನ್‌ಕ್ಯುಬೇಟರ್ ಕಥೆಯನ್ನೇ ಎತ್ತಿ ಮಾತಾಡಿದ್ದರು. ಕೆಲವೇ ದಿನಗಳಲ್ಲಿ ಬಾಂಬುಗಳು ಬೀಳತೊಡಗಿದವು.

ಆ ಹುಡುಗಿ ಯಾರೆಂದು ಅಮೆರಿಕದ ಜನರಿಗೆ ಗೊತ್ತಾಗಿದ್ದು ಯುದ್ಧ ಮುಗಿದು ಸುಮಾರು ಒಂದು ವರ್ಷವಾಗುವ ಹೊತ್ತಿಗೆ. 1992ರ ಜನವರಿಯಲ್ಲಿ ಜಾನ್ ಮ್ಯಾಕ್‌ಆರ್ಥರ್ ಎಂಬ ಪತ್ರಕರ್ತ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆದರು: ನಯೀರಾ ಅಮೆರಿಕದಲ್ಲಿದ್ದ ಕುವೈತ್ ರಾಯಭಾರಿಯ ಮಗಳು. ರಾಜಮನೆತನದವಳು. ಸಭೆ ನಡೆಸಿದ ಸಂಸದ ಟಾಮ್ ಲ್ಯಾಂಟೋಸ್‌ಗೆ ಇದು ಮೊದಲೇ ಗೊತ್ತಿತ್ತು. ಕೇಳುತ್ತಿದ್ದ ಜನರಿಗೆ ಮಾತ್ರ ಗೊತ್ತಿರಲಿಲ್ಲ.

ಇದು ಹೇಗೆ ನಡೆಯಿತು? ನಾವು ದಾಖಲೆಗಳನ್ನು ಓದುತ್ತಾ ಹೋದಂತೆ ಕಂಡದ್ದು ಒಂದು ವ್ಯಾಪಾರದ ಲೆಕ್ಕಾಚಾರ. ಹೊಸ ಸೋಪು, ಹೊಸ ಬೀಜ, ಹೊಸ ಕೀಟನಾಶಕ ಮಾರುವ ದಾರಿಯಲ್ಲೇ ಇದೂ ನಡೆದಿದೆ.

ಮೊದಲು ಹಿನ್ನೆಲೆ. 1990ರ ಆಗಸ್ಟ್ 2ರಂದು ಸದ್ದಾಂ ಹುಸೇನ್‌ನ ಸೇನೆ ಕುವೈತ್‌ಗೆ ನುಗ್ಗಿ ಆ ದೇಶವನ್ನು ಆಕ್ರಮಿಸಿತು. ಅಧ್ಯಕ್ಷ ಬುಷ್ ಸೌದಿ ಅರೇಬಿಯಾಕ್ಕೆ ಸೈನ್ಯ ಕಳಿಸಿದರು. ಆದರೆ ಯುದ್ಧ ಎಂದಾಗ ಅಮೆರಿಕದ ಜನ ಹಿಂಜರಿಯುತ್ತಿದ್ದರು. ವಿಯೆಟ್ನಾಂನಲ್ಲಿ 58 ಸಾವಿರ ಅಮೆರಿಕನ್ ಸೈನಿಕರು ಸತ್ತದ್ದನ್ನು ಅವರು ಮರೆತಿರಲಿಲ್ಲ. ಕುವೈತ್‌ನಲ್ಲಿ ಪ್ರಜಾಪ್ರಭುತ್ವವೂ ಇರಲಿಲ್ಲ. ಅಲ್ಲಿನ ದೊರೆ 1986ರಲ್ಲೇ ಸಂಸತ್ತನ್ನು ವಿಸರ್ಜಿಸಿದ್ದ. ಎಣ್ಣೆ ಬಾವಿಗಳ ದೊರೆಯೊಬ್ಬನ ಗದ್ದುಗೆಗಾಗಿ ನಮ್ಮ ಮಕ್ಕಳು ಯಾಕೆ ಸಾಯಬೇಕು ಎಂದು ಜನ ಕೇಳುತ್ತಿದ್ದರು. ಅಂದರೆ ಸರಕು ಇತ್ತು, ಗಿರಾಕಿ ಇರಲಿಲ್ಲ.

ಆಗ 'ಸಿಟಿಜನ್ಸ್ ಫಾರ್ ಎ ಫ್ರೀ ಕುವೈತ್' ಎಂಬ ಸಂಘ ಹುಟ್ಟಿತು. ಹೆಸರು ನೋಡಿದರೆ ಸಾಮಾನ್ಯ ನಾಗರಿಕರು ಕಾಸು ಕೂಡಿಸಿ ಕಟ್ಟಿದ್ದು ಅನಿಸುತ್ತದೆ. ನಿಜದಲ್ಲಿ ಹಣ ಹೆಚ್ಚುಕಡಿಮೆ ಎಲ್ಲವೂ ಕುವೈತ್ ಸರ್ಕಾರದ್ದು. ಆ ಸಂಘ ಹಿಲ್ ಅಂಡ್ ನೋಲ್ಟನ್ ಎಂಬ ದೊಡ್ಡ ಪ್ರಚಾರ ಕಂಪನಿಯನ್ನು ಗೊತ್ತು ಮಾಡಿಕೊಂಡು, ಒಂದು ಕೋಟಿ ಡಾಲರ್‌ಗೂ ಹೆಚ್ಚು ಹಣ ಕೊಟ್ಟಿತು. ಆ ಕಂಪನಿಯ ವಾಷಿಂಗ್ಟನ್ ಕಚೇರಿಯ ಮುಖ್ಯಸ್ಥ ಕ್ರೇಗ್ ಫುಲ್ಲರ್. ಬುಷ್ ಉಪಾಧ್ಯಕ್ಷರಾಗಿದ್ದಾಗ ಅವರ ಸಿಬ್ಬಂದಿ ಮುಖ್ಯಸ್ಥರಾಗಿದ್ದವರು ಇವರೇ.

ಕಂಪನಿ ಮೊದಲು ಮಾಡಿದ್ದು ಮಾರುಕಟ್ಟೆ ಸಮೀಕ್ಷೆ. ವರ್ತ್‌ಲಿನ್ ಗ್ರೂಪ್ ಎಂಬ ಸಂಸ್ಥೆ ಜನರ ಮುಂದೆ ಬೇರೆ ಬೇರೆ ಮಾತುಗಳನ್ನಿಟ್ಟು, ಯಾವ ಮಾತಿಗೆ ಮನಸ್ಸು ಅಲುಗುತ್ತದೆ ಎಂದು ಅಳೆಯಿತು. ಎಲ್ಲಕ್ಕಿಂತ ಆಳವಾಗಿ ನಾಟಿದ್ದು ಸದ್ದಾಂನ ಕ್ರೌರ್ಯದ ಮಾತು. ಹಾಗಾಗಿ ಅದನ್ನೇ ಮುಂದಿಟ್ಟರು.

ಆಮೇಲೆ ಆ ಮಾತಿಗೆ ಒಂದು ಮುಖ ಬೇಕಿತ್ತು. ರಾಯಭಾರಿಯೇ ಬಂದು ಹೇಳಿದ್ದರೆ 'ಇವನ ದೇಶ, ಇವನ ಸ್ವಾರ್ಥ' ಎನ್ನುತ್ತಿದ್ದರು. ಅಳುವ ಹುಡುಗಿಯನ್ನು ಯಾರು ಅನುಮಾನಿಸುತ್ತಾರೆ? ಅವಳು ಮಾತಾಡಿದ ಸಭೆಯೂ ಸಂಸತ್ತಿನ ಅಧಿಕೃತ ಸಮಿತಿಯಾಗಿರಲಿಲ್ಲ. ಸಂಸದರ ಒಂದು ಮಾನವ ಹಕ್ಕುಗಳ ಗುಂಪು, ಅಷ್ಟೇ. ಅಧಿಕೃತ ಸಮಿತಿಯ ಮುಂದೆ ಪ್ರಮಾಣ ಮಾಡಿ ಸುಳ್ಳು ಹೇಳಿದರೆ ಅದು ಅಪರಾಧ. ಇಲ್ಲಿ ಆ ಭಯ ಇರಲಿಲ್ಲ. ಆದರೆ ಟಿವಿಯಲ್ಲಿ ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತದೆ. ಅವಳ ಮಾತಿನ ವಿಡಿಯೊವನ್ನು ಕಂಪನಿಯೇ ಸಿದ್ಧಪಡಿಸಿ ದೇಶದ ಟಿವಿ ಕೇಂದ್ರಗಳಿಗೆ ಕಳಿಸಿತು. ಕುವೈತ್ ಬಿಡಿಸಿ ಎಂಬ ಟಿ-ಶರ್ಟು, ಗಾಡಿಗೆ ಅಂಟಿಸುವ ಸ್ಟಿಕ್ಕರುಗಳೂ ಹಂಚಿಕೆಯಾದವು.

ಯುದ್ಧ ಶುರುವಾದ ಮೇಲೂ ಸರಕಿನ ಪ್ಯಾಕಿಂಗ್ ನಿಲ್ಲಲಿಲ್ಲ. ಗುರಿ ತಪ್ಪದ 'ಜಾಣ ಬಾಂಬು'ಗಳ ವಿಡಿಯೊಗಳನ್ನು ಸೇನೆ ದಿನವೂ ತೋರಿಸಿತು. ಅಸಲಿಗೆ ಬಿದ್ದ ಬಾಂಬುಗಳಲ್ಲಿ ಅಂಥವು ಶೇ 10ಕ್ಕಿಂತ ಕಡಿಮೆ. ಸತ್ತ ಸೈನಿಕರ ಶವಪೆಟ್ಟಿಗೆಗಳು ಬಂದಿಳಿಯುವ ಡೋವರ್ ವಾಯುನೆಲೆಯಲ್ಲಿ ಕ್ಯಾಮೆರಾಗಳಿಗೆ ಪ್ರವೇಶ ನಿಲ್ಲಿಸಿದರು. ಆ ನಿಷೇಧ ತೆರವಾಗಿದ್ದು 2009ರಲ್ಲಿ.

ಕುವೈತ್ ಬಿಡುಗಡೆಯಾದ ಮೇಲೆ ಪತ್ರಕರ್ತರು ಆಸ್ಪತ್ರೆಗಳಿಗೇ ಹೋಗಿ ವೈದ್ಯರನ್ನು ಕೇಳಿದರು. ಸಿಬ್ಬಂದಿ ಓಡಿಹೋಗಿ ಆರೈಕೆ ಇಲ್ಲದೆ ಕೆಲವು ಕೂಸುಗಳು ಸತ್ತಿದ್ದು ನಿಜ. ಸೈನಿಕರು ಕೂಸುಗಳನ್ನು ಎಸೆದು ಪೆಟ್ಟಿಗೆ ಒಯ್ದರು ಎಂಬುದಕ್ಕೆ ಪುರಾವೆ ಸಿಗಲಿಲ್ಲ. ಮೊದಲು ಈ ಕಥೆಯನ್ನು ನಂಬಿ ವರದಿ ಮಾಡಿದ್ದ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಕೂಡ 1991ರಲ್ಲಿ ಅದನ್ನು ಹಿಂತೆಗೆದುಕೊಂಡಿತು.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಇರಾಕಿನ ಸೇನೆ ಕುವೈತ್‌ನಲ್ಲಿ ಜನರನ್ನು ಕೊಂದದ್ದು, ಹಿಂಸಿಸಿದ್ದು, ಲೂಟಿ ಮಾಡಿದ್ದು ಸುಳ್ಳಲ್ಲ. ಯುದ್ಧ ಆದದ್ದು ಈ ಒಂದು ಕಥೆಯಿಂದಲೇ ಎಂದು ಹೇಳುವುದೂ ಸರಿಯಲ್ಲ. ನಮ್ಮ ಪ್ರಶ್ನೆ ಬೇರೆ. ನಿಜವಾದ ಸಂಕಟ ಅಷ್ಟೊಂದು ಇರುವಾಗ ಸುಳ್ಳು ಯಾಕೆ ಬೇಕಾಯಿತು? ಯಾಕೆಂದರೆ ಕಂಪನಿಗೆ ಬೇಕಿದ್ದದ್ದು ಬೇಗ ಮಾರಾಟವಾಗುವ ಮಾತು. ಅದು ನಿಜವೇ ಎಂದು ನೋಡುವ ಕೆಲಸ ಯಾರದ್ದೂ ಆಗಿರಲಿಲ್ಲ.

ಇದು ಅಮೆರಿಕದಲ್ಲಿ ಮೊದಲ ಸಲವೂ ಅಲ್ಲ, ಕೊನೆಯ ಸಲವೂ ಅಲ್ಲ. 1916ರಲ್ಲಿ ವುಡ್ರೋ ವಿಲ್ಸನ್ ಪರ ಪ್ರಚಾರ ಮಾಡಿದವರು, ಇವರು ನಮ್ಮನ್ನು ಯುದ್ಧದಿಂದ ದೂರ ಇಟ್ಟವರು ಎಂದು ಹೇಳಿ ಮತ ಕೇಳಿದರು. ವಿಲ್ಸನ್ ಗೆದ್ದರು. 1917ರ ಏಪ್ರಿಲ್‌ನಲ್ಲಿ ಅಮೆರಿಕ ಯುದ್ಧಕ್ಕೆ ಇಳಿಯಿತು. ಜನರ ಮನಸ್ಸು ತಿರುಗಿಸಲು ಜಾರ್ಜ್ ಕ್ರೀಲ್ ಎಂಬುವರ ಕೈಕೆಳಗೆ ಒಂದು ಸಮಿತಿಯೇ ಆಯಿತು. ಸಿನಿಮಾ ಟಾಕೀಸಿನಲ್ಲಿ ರೀಲು ಬದಲಿಸುವ ನಾಲ್ಕು ನಿಮಿಷದಲ್ಲಿ ಎದ್ದು ಭಾಷಣ ಮಾಡಲು ಸುಮಾರು 75 ಸಾವಿರ ಮಂದಿ ತಯಾರಾದರು. ಯುದ್ಧದ ನಂತರ ಕ್ರೀಲ್ ಬರೆದ ಪುಸ್ತಕದ ಹೆಸರಿನ ಅರ್ಥವೇ 'ನಾವು ಅಮೆರಿಕವನ್ನು ಜಾಹೀರಾತು ಮಾಡಿದ ಬಗೆ'.

2002ರಲ್ಲಿ ಮತ್ತೆ ಇರಾಕ್ ಮೇಲೆ ಯುದ್ಧದ ಮಾತು ಎದ್ದಿತು. ಈಗ ಅಧಿಕಾರದಲ್ಲಿದ್ದವರು ಮಗ ಬುಷ್. ಸೆಪ್ಟೆಂಬರ್‌ನಲ್ಲೇ ಪ್ರಚಾರ ಯಾಕೆ ಶುರುವಾಯಿತು ಎಂದು ಕೇಳಿದಾಗ ಅವರ ಸಿಬ್ಬಂದಿ ಮುಖ್ಯಸ್ಥ ಆಂಡ್ರ್ಯೂ ಕಾರ್ಡ್ ಕೊಟ್ಟ ಉತ್ತರದ ಸಾರ: ಮಾರ್ಕೆಟಿಂಗ್ ಲೆಕ್ಕದಲ್ಲಿ ಆಗಸ್ಟ್ ತಿಂಗಳಲ್ಲಿ ಯಾರೂ ಹೊಸ ಸರಕು ಬಿಡುಗಡೆ ಮಾಡುವುದಿಲ್ಲ. ಅಮೆರಿಕದಲ್ಲಿ ಆಗಸ್ಟ್ ಅಂದರೆ ರಜೆಯ ಕಾಲ. ಯಾವ ಭಯಾನಕ ಅಸ್ತ್ರಗಳ ಹೆಸರಲ್ಲಿ 2003ರಲ್ಲಿ ಆ ಯುದ್ಧ ಮಾಡಿದರೋ, ಆ ಅಸ್ತ್ರಗಳು ಸಿಗಲೇ ಇಲ್ಲ.

ದೂರದ ಊರಿನ ಕಥೆ ನಮಗೇಕೆ ಎನ್ನಬಹುದು. 1990ರಲ್ಲಿ ಕುವೈತ್‌ನಲ್ಲಿ ನಮ್ಮವರೂ ಇದ್ದರು. ಕರಾವಳಿಯ ಮಂಗಳೂರು, ಉಡುಪಿ, ಭಟ್ಕಳ ಕಡೆಯಿಂದ ದುಡಿಯಲು ಹೋದವರು. ಮರುಭೂಮಿ ದಾಟಿ ಜೋರ್ಡಾನ್‌ನ ಅಮ್ಮಾನ್ ತಲುಪಿದ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಏರ್ ಇಂಡಿಯಾ ವಿಮಾನಗಳು ಮುಂಬೈಗೆ ತಂದವು. ಕೂಡಿಟ್ಟದ್ದನ್ನೆಲ್ಲ ಅಲ್ಲೇ ಬಿಟ್ಟು ಬರಿಗೈಲಿ ಬಂದವರು ಬಹಳ. ಇತ್ತ ಎಣ್ಣೆ ಬೆಲೆ ಏರಿತು, ಕೊಲ್ಲಿಯಿಂದ ಬರುವ ಹಣ ನಿಂತಿತು. 1991ರಲ್ಲಿ ದೇಶ ಚಿನ್ನ ಅಡವಿಡಬೇಕಾದ ಸ್ಥಿತಿಗೆ ಇದೂ ಒಂದು ಕಾರಣ. ಯುದ್ಧ ಬೇಕೇ ಬೇಡವೇ ಎಂದು ಇವರನ್ನು ಯಾರೂ ಕೇಳಿರಲಿಲ್ಲ.

ಬಿತ್ತನೆ ಬೀಜ ಕೊಳ್ಳುವಾಗ ನಾವು ಪ್ಯಾಕೆಟ್ ತಿರುಗಿಸಿ ನೋಡುತ್ತೇವೆ. ಯಾವ ಕಂಪನಿ, ಯಾವ ಲಾಟ್, ಅವಧಿ ಮುಗಿದಿದೆಯೇ ಎಂದು ಕೇಳುತ್ತೇವೆ. ಮೊಳಕೆ ಬರದಿದ್ದರೆ ಅಂಗಡಿಗೆ ಹೋಗಿ ಜಗಳವಾಡಲು ಬಿಲ್ಲು ಇಟ್ಟುಕೊಳ್ಳುತ್ತೇವೆ. ಯಾವ ದೇಶದ ನಾಯಕನೇ ಆಗಲಿ, ಯುದ್ಧ ಬೇಕು ಎಂದಾಗಲೂ ಅಷ್ಟೇ ಕೇಳಿದರೆ ಸಾಕು. ಈ ಮಾತು ಹೇಳುತ್ತಿರುವವರು ಯಾರು? ಅವರಿಗೆ ಹಣ ಕೊಟ್ಟವರು ಯಾರು? ಸ್ಥಳಕ್ಕೆ ಹೋಗಿ ನೋಡಿದವರು ಯಾರಾದರೂ ಇದ್ದಾರೆಯೇ? ನಾಳೆಯೇ ತೀರ್ಮಾನ ಆಗಬೇಕು ಎಂಬ ಅವಸರ ಯಾಕೆ?

ಕಣ್ಣೀರು ತರಿಸುವ ವಿಡಿಯೊ ಫೋನಿಗೆ ಬಂದಾಗ ಈ ಪ್ರಶ್ನೆ ಕೇಳುವುದು ಕಲ್ಲುಮನಸ್ಸಲ್ಲ. ಕೆಟ್ಟ ಬೀಜದಿಂದ ಒಂದು ಬೆಳೆ ಹೋಗುತ್ತದೆ. ಈ ಸರಕನ್ನು ಕೊಂಡ ಮೇಲೆ ವಾಪಸ್ ಮಾಡಲು ಅಂಗಡಿ ಇರುವುದಿಲ್ಲ.