ಗೊಂಬೆಗೂ ಪಾಸ್‌ಪೋರ್ಟು

ಹೋದ ಸಲದ ಡಿಸೆಂಬರ್‌ನಲ್ಲಿ ಆಫೀಸಿನ ಸೀಕ್ರೆಟ್ ಸಾಂಟಾ ಆಟದಲ್ಲಿ ನನ್ನ ಹೆಸರಿನ ಚೀಟಿ ಸಿಕ್ಕಿದ್ದು ಟೀಮಿನ ಜಪಾನ್ ಹುಚ್ಚಿನ ಹುಡುಗಿಯೊಬ್ಬಳಿಗೆ. ಆನ್‌ಸೈಟ್ ಅಂತ ಎರಡು ವರ್ಷ ಯೊಕೊಹಾಮಾದಲ್ಲಿದ್ದು ಬಂದವಳು. ಡಬ್ಬಿ ಬಿಚ್ಚಿದರೆ ಅಂಗೈ ಮೇಲೆ ಕೂರುವಷ್ಟು ಪುಟ್ಟ ರಾಜ-ರಾಣಿ ಗೊಂಬೆಗಳು. ಮೂವತ್ತನಾಲ್ಕರ ಗಂಡಸಿಗೆ ಗೊಂಬೆ! ಎಲ್ಲರೂ ನಕ್ಕರು, ನಾನೂ ನಕ್ಕೆ. ಊರಿಗೆ ಹೋದಾಗ ಅವ್ವನ ಕೈಗಿಟ್ಟು ಮರೆತುಬಿಟ್ಟೆ.

ಈ ನವರಾತ್ರಿಯಲ್ಲಿ ನೋಡಿದರೆ ಅವ್ವ ಅವನ್ನ ಪಟ್ಟದ ಗೊಂಬೆಗಳ ಕೆಳಗಿನ ಮೆಟ್ಟಿಲಿನಲ್ಲಿ ಕೂರಿಸಿದ್ದಾಳೆ. "ಇವೂ ರಾಜ-ರಾಣಿನೇ ಕಣೋ. ಯಾವ ಸೀಮೆಯವು?" ಅಂದಳು.

ಜಪಾನಿನಲ್ಲಿ ಮಾರ್ಚ್ 3ಕ್ಕೆ ಹಿನಮತ್ಸುರಿ ಅಂತ ಹೆಣ್ಣುಮಕ್ಕಳ ಹಬ್ಬ. ನಮ್ಮ ಹಾಗೇ ಮೆಟ್ಟಿಲು ಕಟ್ಟಿ, ಕೆಂಪು ಬಟ್ಟೆ ಹಾಸಿ, ಮೇಲ್ಗಡೆ ದೊರೆ-ದೊರೆಸಾನಿ, ಕೆಳಗೆ ಮೂವರು ಸಖಿಯರು, ಅದರ ಕೆಳಗೆ ಐವರು ವಾದ್ಯದವರು. ಹಬ್ಬ ಮುಗಿದ ಮೇಲೂ ಗೊಂಬೆ ಎತ್ತಿಡದಿದ್ದರೆ ಮನೆ ಮಗಳ ಮದುವೆ ತಡ ಆಗುತ್ತಂತೆ. ಇದನ್ನ ಹೇಳಿದ್ದಕ್ಕೆ ಅವ್ವ ನನ್ನ ಮುಖವನ್ನೇ ನೋಡಿದಳು ಅನ್ನೋದು ಬೇರೆ ಮಾತು ಬಿಡಿ.

ಈ ಹಬ್ಬದ ಜೊತೆಗೇ ಹೆಣೆದುಕೊಂಡ ಒಂದು ಕತೆಯಿದೆ. ಸಿಡ್ನಿ ಗುಲಿಕ್ ಅನ್ನುವ ಅಮೆರಿಕದ ಪಾದ್ರಿ 1888ರಲ್ಲಿ ಜಪಾನಿಗೆ ಹೋಗಿ ಇಪ್ಪತ್ತೈದು ವರ್ಷ ಅಲ್ಲೇ ಇದ್ದ. ಭಾಷೆ ಕಲಿತ, ಪಾಠ ಹೇಳಿದ, ಆ ದೇಶಕ್ಕೆ ಮನಸೋತ. ತಿರುಗಿ ತನ್ನ ದೇಶಕ್ಕೆ ಹೋದರೆ ಅಲ್ಲಿ ಜಪಾನೀಯರೆಂದರೆ ಆಗದು. 1924ರಲ್ಲಿ ಕಾನೂನೇ ಬಂತು, ಜಪಾನೀಯರು ವಲಸೆ ಬರುವಂತಿಲ್ಲ ಅಂತ. (ನಮಗೆ ಆ ಬಾಗಿಲು 1917ರಲ್ಲೇ ಮುಚ್ಚಿತ್ತು. ವೀಸಾ ಲಾಟರಿಯಲ್ಲಿ ಎರಡು ಸಲ ಸೋತ ನನಗೆ ಇಂಥ ಇಸವಿಗಳು ಮಾತ್ರ ಚೆನ್ನಾಗಿ ನೆನಪಿರುತ್ತವೆ.)

ಕಾನೂನು ಬದಲಿಸಲು ಗುಲಿಕ್‌ನಿಂದ ಆಗಲಿಲ್ಲ. ದೊಡ್ಡವರ ಸಹವಾಸ ಬಿಟ್ಟು ಮಕ್ಕಳನ್ನ ಹಿಡಿದ. ಜಪಾನಿನ ಗೊಂಬೆ ಹಬ್ಬಕ್ಕೆ ಅಮೆರಿಕದ ಮಕ್ಕಳು ಗೊಂಬೆ ಕಳಿಸಲಿ ಅಂದ. ಕಳಿಸಿದ್ದು ಒಂದೆರಡಲ್ಲ, 12,739! ಒಂದೊಂದಕ್ಕೂ ಹೆಸರು, ಒಂದು ಕಾಗದ, ಹಡಗಿನ ಟಿಕೆಟ್, ಪಾಸ್‌ಪೋರ್ಟು. ಜಪಾನಿನ ಮನುಷ್ಯರಿಗೆ ಬಾಗಿಲು ಹಾಕಿದ ದೇಶದಿಂದ ಗೊಂಬೆಗಳು ಪಾಸ್‌ಪೋರ್ಟ್ ಹಿಡಿದು ಹೊರಟವು. ಆಚೆ ದಡದಲ್ಲಿ ಇವನ್ನ ಬರಮಾಡಿಕೊಳ್ಳುವ ಏರ್ಪಾಟು ಮಾಡಿದವರು ಉದ್ಯಮಿ ಶಿಬುಸಾವಾ ಐಯಿಚಿ, ಎಂಬತ್ತು ದಾಟಿದ ಮುದುಕ. 2024ರಿಂದ ಹತ್ತು ಸಾವಿರ ಯೆನ್ ನೋಟಿನ ಮೇಲಿರುವುದು ಅವರದೇ ಮುಖ. 1927ರ ಮಾರ್ಚ್ 3ಕ್ಕೆ ಟೋಕಿಯೊದಲ್ಲಿ ಸ್ವಾಗತ, ಆಮೇಲೆ ದೇಶದ ಶಾಲೆ ಶಾಲೆಗೂ ಹಂಚಿಕೆ. ಮಲಗಿಸಿದರೆ "ಮಾಮಾ" ಅನ್ನುವ ಗೊಂಬೆಗಳೂ ಇದ್ದವಂತೆ. ನಮ್ಮೂರ ಶಾಲೆಗೆ ಮೊದಲ ಕಂಪ್ಯೂಟರ್ ಬಂದ ದಿನ ನೆನಪಾಯಿತು, ಮುಟ್ಟೋಕೂ ಭಯ, ಬಿಡೋಕೂ ಮನಸ್ಸಿಲ್ಲ.

ಮನೆಗೆ ಬಂದ ತಟ್ಟೆಯನ್ನ ಬರಿದಾಗಿ ಹಿಂದಿರುಗಿಸಬಾರದು ಅನ್ನೋದು ಅಲ್ಲಿಯ ರೂಢಿಯೂ ಹೌದು. ಗೊಂಬೆ ಬಂದ ಶಾಲೆಗಳ ಹುಡುಗಿಯರು ತಲಾ ಒಂದು ಸೆನ್, ಅಂದ್ರೆ ಯೆನ್ನಿನ ನೂರರಲ್ಲೊಂದು ಪಾಲು, ಕೂಡಿಸಿದರು. ಆ ದುಡ್ಡಿಗೆ ದೇಶದ ನುರಿತ ಗೊಂಬೆ ಕೆಲಸದವರು 58 ಗೊಂಬೆ ಮಾಡಿದರು. ಸಿಂಪಿ ಚಿಪ್ಪಿನ ಪುಡಿ ಬಳಿದು ನಯ ಮಾಡಿದ ಮುಖ, ರೇಷ್ಮೆ ಕಿಮೋನೊ, ಜೊತೆಗೆ ಪುಟಾಣಿ ಟೀ ಸೆಟ್ಟು. ಅದೇ ವರ್ಷದ ಕ್ರಿಸ್‌ಮಸ್ ಉಡುಗೊರೆಯಾಗಿ ಇವು ಅಮೆರಿಕ ಸೇರಿದವು. ಊರೂರು ತಿರುಗಿ ಕೊನೆಗೆ ಮ್ಯೂಸಿಯಂಗಳಲ್ಲಿ ಕೂತವು.

ಹದಿನಾಲ್ಕೇ ವರ್ಷ. ಪರ್ಲ್ ಹಾರ್ಬರ್ ಆಯಿತು. ಅಮೆರಿಕದಲ್ಲಿ ಕೆಲವು ಗೊಂಬೆಗಳನ್ನ ಜನರ ಕಣ್ಣಿಂದ ಮರೆಮಾಡಿ ಉಗ್ರಾಣಕ್ಕೆ ಹಾಕಿದರು. ಅದೇ ಹೊತ್ತಿಗೆ ಜಪಾನೀ ಮೂಲದ ಸುಮಾರು 1,20,000 ಮನುಷ್ಯರನ್ನ ಮನೆಯಿಂದೆಬ್ಬಿಸಿ ಕ್ಯಾಂಪುಗಳಿಗೆ ಹಾಕಿದರು. ಇದನ್ನ ಬಿಟ್ಟು ಬರೀ ಗೊಂಬೆ ಕತೆ ಹೇಳಿದರೆ ಅದು ಸುಳ್ಳಾಗುತ್ತೆ.

ಜಪಾನಿನಲ್ಲಿ 1943ರ ಹೊತ್ತಿಗೆ ನೀಲಿ ಕಣ್ಣಿನ ಗೊಂಬೆ ಶತ್ರು ಗೊಂಬೆಯಾಯಿತು. ಒಡೆಯಿರಿ, ಸುಡಿ ಅಂತ ಶಾಲೆಗಳ ಮೇಲೆ ಒತ್ತಡ ಬಂತು. ಸುಟ್ಟರು. ಬಿದಿರಿನ ಈಟಿಯಲ್ಲಿ ತಿವಿದದ್ದೂ ಉಂಟು. ಹಿಂದೆ ಹಾಡು ಹೇಳಿ ಸ್ವಾಗತಿಸಿದ್ದ ಶಾಲೆಯಂಗಳಗಳಲ್ಲೇ! ಹನ್ನೆರಡು ಸಾವಿರದಲ್ಲಿ ಈಗ ಉಳಿದಿರೋದು ಮುನ್ನೂರು ಚಿಲ್ಲರೆ. ಅದೂ ಯಾಕೆ ಉಳಿದವು ಅಂದ್ರೆ ಅಲ್ಲೊಬ್ಬ ಮೇಷ್ಟ್ರು, ಇಲ್ಲೊಬ್ಬ ಮೇಡಂ ಅವನ್ನ ಕಪಾಟಿನ ಹಿಂದೆ, ಅಟ್ಟದಲ್ಲಿ, ತಮ್ಮ ಮನೆಯಲ್ಲಿ ಬಚ್ಚಿಟ್ಟಿದ್ದಕ್ಕೆ. ಯುದ್ಧ ಮುಗಿದು ಎಷ್ಟೋ ವರ್ಷದ ಮೇಲೆ ಒಂದೊಂದಾಗಿ ಹೊರಗೆ ಬಂದವು.

ಇಷ್ಟನ್ನೂ ಅವ್ವನಿಗೆ ಹೇಳಿದೆ. ಹೂಬತ್ತಿ ಹೊಸೆಯುತ್ತಾ ಕೇಳಿಸಿಕೊಂಡವಳು ಕೈ ನಿಲ್ಲಿಸಿ, "ಸಿಕ್ಕಿಬಿದ್ದಿದ್ರೆ ಆ ಮೇಷ್ಟ್ರಿಗೆ ಏನ್ ಮಾಡ್ತಿದ್ರೋ?" ಅಂದಳು.

ದಸರಾ ಮುಗಿದು ಗೊಂಬೆ ಎತ್ತಿಡುವಾಗ ಜಪಾನಿನ ಜೋಡಿಯನ್ನ ತನ್ನ ಹಳೇ ರೇಷ್ಮೆ ಸೀರೆಯ ತುಂಡಿನಲ್ಲಿ ಸುತ್ತಿ, ಪಟ್ಟದ ಗೊಂಬೆಗಳ ಪೆಟ್ಟಿಗೆಯಲ್ಲೇ ಇಟ್ಟಳು.