ಕಲೆ ಉಳಿಸದ ಗಾಯ: ಒಂದು ಸಂಶೋಧನೆಯ ಇತಿಹಾಸ

ನಿಮ್ಮ ಮೊಣಕಾಲನ್ನೊಮ್ಮೆ ನೋಡಿಕೊಳ್ಳಿ. ಚಿಕ್ಕಂದಿನಲ್ಲಿ ಆಡುವಾಗ ಬಿದ್ದ ಗಾಯದ ಕಲೆ ಅಲ್ಲಿರಬಹುದು. ಅದರಿಂದ ನಮಗೇನೂ ತೊಂದರೆಯಿಲ್ಲ. ಆದರೆ ಹೊಳೆಆಲೂರಿನಲ್ಲಿ ನನ್ನ ತರಗತಿಯಲ್ಲಿದ್ದ ಒಬ್ಬ ಹುಡುಗಿ ಕುದಿನೀರು ಬಿದ್ದು ಸುಟ್ಟ ಕೈಯನ್ನು ಸದಾ ದುಪಟ್ಟಾದಲ್ಲಿ ಮುಚ್ಚಿಕೊಂಡಿರುತ್ತಿದ್ದಳು. ಕಲೆ ಬಿಗಿದು ಎರಡು ಬೆರಳು ಬಾಗಿದ್ದವು. “ಇದು ಹೋಗಂಗಿಲ್ಲೇನ್ರಿ ಸರ್?” ಎಂದು ಒಮ್ಮೆ ಕೇಳಿದಳು. ಅವಳಿಗೆ ಉತ್ತರ ಹುಡುಕುವಾಗ ನಾನು ಓದಿದ ಇತಿಹಾಸವಿದು.

ಗಾಯವನ್ನು ಬೇಗ ಮುಚ್ಚುವ ಅವಸರದಲ್ಲಿ ದೇಹವು ಕೊಲಾಜನ್ ಎಂಬ ನಾರನ್ನು ಒತ್ತೊತ್ತಾಗಿ ತುಂಬುತ್ತದೆ. ಅದೇ ಕಲೆ. ಅಲ್ಲಿ ಕೂದಲಾಗಲಿ ಬೆವರಿನ ಗ್ರಂಥಿಯಾಗಲಿ ಸಾಮಾನ್ಯವಾಗಿ ಮತ್ತೆ ಹುಟ್ಟುವುದಿಲ್ಲ. ಆದರೆ ಗರ್ಭದಲ್ಲಿರುವ ಶಿಶುವಿನ ಚರ್ಮ, ಸುಮಾರು 24 ವಾರಗಳವರೆಗೆ, ಕಲೆಯಿಲ್ಲದೆ ಮಾಯುತ್ತದೆ. 20 ವಾರದ ಮಾನವ ಭ್ರೂಣದಲ್ಲಿ ಗಾಯ ಮಾಯ್ದ ಬಗೆಯನ್ನು ರೌಲಟ್ ಎಂಬ ಸಂಶೋಧಕರು 1979ರಲ್ಲಿ ಪ್ರಕಟಿಸಿದರು. 1980ರ ದಶಕದಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೈಕೇಲ್ ಹ್ಯಾರಿಸನ್ ಅವರು ಗರ್ಭಸ್ಥ ಶಿಶುವಿಗೇ ಶಸ್ತ್ರಚಿಕಿತ್ಸೆ ಆರಂಭಿಸಿದ ಮೇಲೆ ಈ ವಿಷಯದ ಅಧ್ಯಯನ ಬಲಗೊಂಡಿತು.

ಈಗ ಒಂದು ಪ್ರಶ್ನೆ ಎದ್ದಿತು. ಈ ಶಕ್ತಿ ಇರುವುದು ಗರ್ಭದ ನೀರಿನಲ್ಲೋ, ಶಿಶುವಿನ ಚರ್ಮದಲ್ಲೋ? ನೀವಾದರೆ ಇದನ್ನು ಹೇಗೆ ಪರೀಕ್ಷಿಸುತ್ತಿದ್ದಿರಿ? ಮೈಕೇಲ್ ಲಾಂಗೇಕರ್ ಮತ್ತು ಸಂಗಡಿಗರು ಎರಡು ಕಡೆಯಿಂದಲೂ ನೋಡಿದರು. 1992ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮಾನವ ಭ್ರೂಣದ ಚರ್ಮವನ್ನು ಇಲಿಯ ಚರ್ಮದಡಿ ನೆಟ್ಟು ಗಾಯ ಮಾಡಿದರು. ಗರ್ಭದ ನೀರಿಲ್ಲದಿದ್ದರೂ ಅದು ಕಲೆಯಿಲ್ಲದೆ ಮಾಯಿತು. 1994ರ ಪ್ರಯೋಗದಲ್ಲಿ ಬೆಳೆದ ಕುರಿಯ ಚರ್ಮವನ್ನು ಗರ್ಭದಲ್ಲಿದ್ದ ಮರಿಯ ಮೇಲೆ ಕಸಿ ಮಾಡಿದರು. ಗರ್ಭದೊಳಗಿದ್ದರೂ ಅದರಲ್ಲಿ ಕಲೆ ಉಳಿಯಿತು. ಗುಟ್ಟು ಚರ್ಮದಲ್ಲಿಯೇ ಇತ್ತು.

ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಮಾರ್ಕ್ ಫರ್ಗ್ಯುಸನ್ ಅವರು ಭ್ರೂಣದ ಗಾಯದಲ್ಲಿ ಹೆಚ್ಚಾಗಿರುವ ಟಿಜಿಎಫ್ ಬೀಟಾ-3 ಎಂಬ ಪ್ರೋಟೀನಿನಿಂದ ಔಷಧ ಮಾಡಲು ಹೊರಟರು. ಮೊದಲ ಪರೀಕ್ಷೆಗಳು ಆಸೆ ಹುಟ್ಟಿಸಿದವು. ಆದರೆ 2011ರಲ್ಲಿ, ಹೆಚ್ಚು ರೋಗಿಗಳ ಮೇಲೆ ನಡೆದ ಕೊನೆಯ ಹಂತದ ಪರೀಕ್ಷೆಯಲ್ಲಿ ಅದು ಸೋತಿತು. ಹಾಗೆಂದು ಹುಡುಕಾಟ ನಿಲ್ಲಲಿಲ್ಲ. 2021ರಲ್ಲಿ ಲಾಂಗೇಕರ್ ಅವರ ತಂಡ, ಕಣ್ಣಿನ ಚಿಕಿತ್ಸೆಗೆ ಬಳಸುವ ವರ್ಟೆಪೋರ್ಫಿನ್ ಎಂಬ ಔಷಧದಿಂದ ಇಲಿಯ ಗಾಯ ಕಲೆಯಿಲ್ಲದೆ, ಕೂದಲಿನೊಂದಿಗೆ ಮಾಯ್ದದ್ದನ್ನು ತೋರಿಸಿತು. ಇಲಿಯಲ್ಲಿ ಆದದ್ದು ಮನುಷ್ಯರಲ್ಲೂ ಆಗುತ್ತದೆಂದು ಹೇಳಲಾಗದು ಎಂಬುದನ್ನು 2011ರ ಸೋಲೇ ಕಲಿಸಿದೆ.

ಹಾಗಾದರೆ ಆ ಹುಡುಗಿಗೆ ಏನು ಹೇಳಲಿ? “ಕಲೆ ಪೂರ್ತಿ ಹೋಗಲಿಕ್ಕಿಲ್ಲವ್ವ. ಆದರ ಬಾಗಿದ ಬೆರಳನ್ನ ಆಪರೇಷನ್ ಮಾಡಿ ಬಿಡಿಸಬಹುದು, ಡಾಕ್ಟರಿಗೆ ತೋರಿಸೋಣ” ಎಂದೆ. ನಿಮಗೂ ಒಂದು ಮಾತು. ಮನೆಯಲ್ಲಿ ಯಾರಿಗಾದರೂ ಸುಟ್ಟರೆ ಟೂತ್‌ಪೇಸ್ಟ್, ಶಾಯಿ ಹಚ್ಚಬೇಡಿ. 20 ನಿಮಿಷ ತಣ್ಣೀರು ಹರಿಸಿ, ವೈದ್ಯರ ಬಳಿ ಕರೆದೊಯ್ಯಿರಿ. ಮುಂದಿನ ಪ್ರಯೋಗವನ್ನು ನಿಮ್ಮಲ್ಲೇ ಒಬ್ಬರು ಮಾಡಬಾರದೇಕೆ?